ರದ್ದಾದ ಊರುಗಳ ಕೆಂಪು ಗಾಡಿಗಳು

ಬೆಂಕಿ ಆರಿಸುವ ಗಾಡಿಗೆ ನೀರಿನ ಟ್ಯಾಂಕೇ ಇಲ್ಲ ಎಂಬುದು ನನಗೆ ಗೊತ್ತಾದದ್ದು ಆ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಾಗ. ಮೊದಲು ಮೇಲೆ ಹತ್ತಿ ನೀರು ತುಂಬುವ ಬಾಯಿಗಾಗಿ ಹುಡುಕಿದೆ, ಸಿಗಲಿಲ್ಲ. ಪಕ್ಕದ ಬಾಗಿಲುಗಳನ್ನು ಒಂದೊಂದಾಗಿ ತೆಗೆದೆ. ಹೋಸ್ ಪೈಪಿನ ಸುರುಳಿ, ಕೊಡಲಿ, ಏಣಿ, ಹಿಂದುಗಡೆ ಒಂದು ಸಣ್ಣ ಪಂಪು ಎಲ್ಲ ಇತ್ತು. ಕೊನೆಗೆ ಕೆಳಗೆ ತೂರಿ ಟಾರ್ಚು ಬಿಟ್ಟು ನೋಡಿದರೆ ಚಾಸಿ, ಗೇರ್‌ಬಾಕ್ಸು, ಡೀಸೆಲ್ ಟ್ಯಾಂಕು, ಅಷ್ಟೇ. ಇದೊಂದರಲ್ಲಿ ಇಲ್ಲವೇನೋ ಎಂದು ಸಾಲಾಗಿ ನಿಂತಿದ್ದ ಆರೂ ಗಾಡಿಗಳ ಕೆಳಗೆ ಹೊಕ್ಕು ಬಂದೆ. ಒಂದರಲ್ಲೂ ಇಲ್ಲ.

ಅದು ಎರಡು ಸಾವಿರದ ಆರರ ಆಸುಪಾಸಿನ ಚಳಿಗಾಲ. ದುಬೈಯ ರಾಸ್ ಅಲ್ ಖೋರ್ ಕಡೆಯ ಹಳೇ ವಾಹನಗಳ ಮಾರುಕಟ್ಟೆಯಲ್ಲಿ ನಮ್ಮ ಯಾರ್ಡು. ಸಾಹುಕಾರರು ಮಂಗಳೂರಿನವರು. ಜಪಾನಿನಿಂದ ಹಳೆಯ ಗಾಡಿ ತರಿಸಿ, ಬಲಗಡೆಯ ಸ್ಟೇರಿಂಗನ್ನು ಎಡಗಡೆಗೆ ಮಾಡಿಸಿ, ಆಫ್ರಿಕಾದವರಿಗೆ ಮಾರುವುದು ಅವರ ವ್ಯಾಪಾರ. ಸ್ಟೇರಿಂಗು ಬದಲಿಸುವ ವರ್ಕ್‌ಶಾಪಿಗೆ ನಾನು ಫೋರ್‌ಮನ್. ನಾನು ಗದಗ ಕಡೆಯವನು. ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಕೂಡುತ್ತಿರಲಿಲ್ಲ, ಆದರೆ ಜಗಳಕ್ಕೆ ನಿಂತರೆ ಇಬ್ಬರಿಗೂ ಸ್ವಚ್ಛವಾಗಿ ಅರ್ಥವಾಗುತ್ತಿತ್ತು.

ಈ ಆರು ಗಾಡಿಗಳ ಗಿರಾಕಿ ಕೆಂಪು ಸಮುದ್ರದ ಆಚೆ ದಡದ ಮನುಷ್ಯ. ಬಂದರಿನಿಂದ ಲಾರಿಯಲ್ಲಿ ಇಡೀ ದಿನ ಹೋಗಬೇಕಾದ ಒಂದು ಒಣ ಊರಿನಲ್ಲಿ ಅವರ ಬಟ್ಟೆ ಅಂಗಡಿಯಿತ್ತು. ಒಂದು ಮಧ್ಯಾಹ್ನ ಆ ಊರಿನ ಪೇಟೆಗೆ ಬೆಂಕಿ ಬಿತ್ತು. ಆರಿಸಲು ಊರಿನಲ್ಲಿ ಒಂದೇ ಒಂದು ಗಾಡಿಯೂ ಇರಲಿಲ್ಲ. ಸಾಲಿಗೆ ಸಾಲೇ ಸುಟ್ಟಿತು, ಅಂಗಡಿಯೊಳಗಿದ್ದ ಅವರ ತಮ್ಮ ಹೊರಗೆ ಬರಲಿಲ್ಲ. ಉಳಿದ ಅಂಗಡಿಯವರೆಲ್ಲ ಸೇರಿ, ಹೋಗಿ ಬೆಂಕಿ ಗಾಡಿ ತಗೊಂಡು ಬಾ ಎಂದು ಇವರನ್ನು ದುಬೈಗೆ ಕಳಿಸಿದ್ದರೆಂದು ಸಾಹುಕಾರರು ಹೇಳಿದ್ದರು. ಹಳೇ ಪೇಟೆ ನೈಫ್‌ನ ಒಂದು ಅಗ್ಗದ ಲಾಡ್ಜಿನಲ್ಲಿ ಉಳಿದುಕೊಂಡು ದಿನವೂ ಯಾರ್ಡಿಗೆ ಬಂದು, ಗಾಡಿಗಳ ಸುತ್ತ ಒಂದು ಸುತ್ತು ಹಾಕಿ, ಏನೂ ಮಾತಾಡದೆ ಹೋಗುತ್ತಿದ್ದರು.

ನಾನು ಕೈ ಒರೆಸಿಕೊಂಡು ನೆಟ್ಟಗೆ ಸಾಹುಕಾರರ ಕ್ಯಾಬಿನ್ನಿಗೆ ಹೋಗಿ ವಿಷಯ ಹೇಳಿದೆ. ಅವರು ಕೇಳಿ ನಕ್ಕರು. ಬೆಳಿಗ್ಗೆ ಬೆಳಿಗ್ಗೆ ತಮಾಷೆಯೇ ಎಂದರು. ನಾನು ನಗಲಿಲ್ಲ. ಅವರ ನಗು ಅಲ್ಲಿಗೇ ನಿಂತಿತು.

“ಎಂತ ಮಾರಾಯ, ಟ್ಯಾಂಕ್ ಇಲ್ಲದ ಫಯರ್ ಎಂಜಿನ್ ಉಂಟಾ ಲೋಕದಲ್ಲಿ?”

“ಆರು ಅದಾವ್ರಿ. ಹೊರಗ ಬಂದು ನೋಡ್ರಿ.”

ಗಾಡಿ ಕೊಂಡದ್ದು ಫೋಟೋ ನೋಡಿ. ಕೆಂಪು ಬಣ್ಣ, ತಲೆ ಮೇಲೆ ದೀಪ, ಪಕ್ಕದಲ್ಲಿ ಹೋಸು. ಟ್ಯಾಂಕು ಎಷ್ಟು ಲೀಟರಿನದು ಎಂದು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ದುಬೈಯ ನಮ್ಮ ಯಾರ್ಡುಗಳ ಕಡೆ ಕುಡಿಯುವ ನೀರು, ಕಟ್ಟಡಕ್ಕೆ ಹಾಕುವ ನೀರು, ಗಿಡದ ನೀರು ಎಲ್ಲವೂ ಗಾಡಿಯ ಮೇಲೆಯೇ ಬರುತ್ತದೆ. ಬೆಂಕಿ ಗಾಡಿ ನೀರು ಹೊತ್ತು ಬಾರದಿದ್ದರೆ ಇನ್ನೇನು ಹೊತ್ತು ಬರುತ್ತದೆ? ಈ ಮರುಭೂಮಿಯಲ್ಲಿ ಹತ್ತು ವರ್ಷ ಬದುಕಿದವನ ತಲೆಗೆ ಬೇರೆ ಯೋಚನೆ ಬರುವುದಾದರೂ ಹೇಗೆ?

ಗಾಡಿ ಕಳಿಸಿದ ಜಪಾನಿ ಏಜೆಂಟರು ಆಗ ದುಬೈಯಲ್ಲೇ ಇದ್ದರು. ಐವತ್ತು ದಾಟಿದ ಮನುಷ್ಯ. ಅವರ ಹಿಂದಿ ನಮ್ಮ ಮಾರುಕಟ್ಟೆಯ ಪಠಾಣರಿಂದ ಕಲಿತದ್ದು, ಇಂಗ್ಲಿಷು ಅರ್ಧಂಬರ್ಧ. ಇಲ್ಲಿ ಅವರ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ. ಫೋನ್ ಮಾಡಿದ ಒಂದು ಗಂಟೆಯಲ್ಲಿ ಬಂದರು. ಸಾಹುಕಾರರು ನೀನು ನಮಗೆ ಟೋಪಿ ಹಾಕಿದೆ ಎಂದು ಬಾಯಿಗೆ ಬಂದಂತೆ ಬೈದರು. ಏಜೆಂಟರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಟ್ಯಾಂಕು ಯಾಕೆ ಬೇಕು ಎಂದು ನಮ್ಮನ್ನೇ ಕೇಳಿದರು.

ಆಮೇಲೆ ಒಂದು ಗಾಡಿಯಿಂದ ಕಪ್ಪು ಬಣ್ಣದ ದಪ್ಪ ಪೈಪು ಎಳೆದು ನೆಲದ ಮೇಲೆ ಹಾಸಿದರು. ಅದರ ತುದಿಗೆ ಬುಟ್ಟಿಯಂಥ ಒಂದು ಜಾಲರಿ. ಇದನ್ನು ಕಾಲುವೆಗೆ ಇಳಿಬಿಟ್ಟು ಪಂಪು ಚಾಲೂ ಮಾಡಿದರೆ ಆಯಿತು ಎಂದರು. ಅವರ ಊರಿನಲ್ಲಿ ಪ್ರತಿ ಮನೆಯ ಮಗ್ಗುಲಲ್ಲಿ ಗದ್ದೆಗೆ ಹೋಗುವ ಕಾಲುವೆ ಇದೆ, ವರ್ಷವಿಡೀ ಹರಿಯುತ್ತದೆ. ನೀರು ಹೊತ್ತರೆ ಗಾಡಿ ಭಾರ, ಓಣಿಯೊಳಗೆ ತಿರುಗುವುದಿಲ್ಲ. ನಾನು ಜಾಲರಿಯೊಳಗೆ ಬೆರಳು ಹಾಕಿದೆ. ಒಣಗಿದ ಭತ್ತದ ಹುಲ್ಲಿನ ಎಳೆ ಸಿಕ್ಕಿತು, ಜೊತೆಗೆ ಉಗುರಿನಷ್ಟು ದೊಡ್ಡ ಬಸವನಹುಳುವಿನ ಚಿಪ್ಪು. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಟೈರೊಂದರ ಮೇಲೆ ಕೂತರು.

ಕೆಲಸಕ್ಕೆ ಬಾರದ್ದೆಂದೇ ಅಲ್ಲಿಯವರು ಮಾರಿಕೊಂಡಿರಬೇಕು ಎಂದು ನಾನು ಕಟುವಾಗಿಯೇ ಅಂದೆ. ಮೀಟರಿನಲ್ಲಿ ಓಡಿದ ಕಿಲೋಮೀಟರು ನಂಬಲಾಗದಷ್ಟು ಕಡಿಮೆ ಇತ್ತು. ನಮ್ಮ ಮಾರುಕಟ್ಟೆಯಲ್ಲಿ ಅಂಥ ಮೀಟರು ಕಂಡರೆ ಯಾರು ತಿರುಗಿಸಿದರು ಎಂದಷ್ಟೇ ಕೇಳುತ್ತಾರೆ. ಏಜೆಂಟರು ತಲೆ ಅಲ್ಲಾಡಿಸಿದರು. ಮೀಟರು ಸರಿ ಇದೆ, ಗಾಡಿಯೂ ಸರಿ ಇದೆ, ಊರು ಖಲಾಸ್ ಎಂದರು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಜಪಾನು ಎಂದರೆ ಭೂಕಂಪ ತಾನೆ, ಪಾಪ, ಇವರ ಊರಿಗೆ ಊರೇ ಹೋಯಿತಲ್ಲ ಎಂದುಕೊಂಡು, ಎಷ್ಟು ಜನ ಉಳಿದರು ಎಂದು ಮೆಲ್ಲಗೆ ಕೇಳಿದೆ. ಎಲ್ಲರೂ ಇದ್ದಾರೆ ಎಂದರು. ಮನೆ ಇದೆ, ಗದ್ದೆ ಇದೆ, ಅಣ್ಣ ಇದ್ದಾನೆ, ಅತ್ತಿಗೆ ಇದ್ದಾಳೆ, ಊರು ಮಾತ್ರ ಇಲ್ಲ.

ಕ್ಯಾಂಟೀನಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿ ಕೂರಿಸಿಕೊಂಡು ಕೇಳಿದೆ. ಅವರ ದೇಶದಲ್ಲಿ ಸರ್ಕಾರ ಸಣ್ಣ ಸಣ್ಣ ಊರು, ಹಳ್ಳಿಗಳನ್ನೆಲ್ಲ ಕೂಡಿಸುತ್ತಿದೆಯಂತೆ. ಹಳ್ಳಿಗಳಲ್ಲಿ ಹುಡುಗರಿಲ್ಲ, ಮಕ್ಕಳಿಲ್ಲ, ಇರುವವರೆಲ್ಲ ಮುದುಕರು. ಪ್ರತಿ ಹಳ್ಳಿಗೂ ಒಂದು ಆಫೀಸು, ಒಬ್ಬ ಅಧ್ಯಕ್ಷ, ನೌಕರರು ಯಾಕೆ? ಹೀಗೆ ಊರವರೇ ಸಭೆಯಲ್ಲಿ ಕೈ ಎತ್ತಿ ಒಪ್ಪಿದ ಮೇಲೆ ಎರಡು ಹಳ್ಳಿ, ಒಂದು ಪಟ್ಟಣ ಮತ್ತು ಇವರ ಹಳ್ಳಿ ಸೇರಿ ಒಂದು ಹೊಸ ನಗರವಾಗಿತ್ತು. ಹೊಸ ನಗರಕ್ಕೆ ಹೊಸ ಹೆಸರು. ಹಳ್ಳಿಯ ಆಫೀಸಿಗೆ ಬೀಗ. ಹಳ್ಳಿಯವರೇ ಸಂಬಳವಿಲ್ಲದೆ ನಡೆಸುತ್ತಿದ್ದ ಬೆಂಕಿ ಆರಿಸುವ ದಳಗಳನ್ನೂ ಮುಚ್ಚಿದರು, ಏಕೆಂದರೆ ಪಟ್ಟಣದಲ್ಲಿ ದೊಡ್ಡ ಸ್ಟೇಷನ್ ಇದೆ, ದೊಡ್ಡ ಗಾಡಿ ಇದೆ. ಹೀಗೆ ಅಲ್ಲಲ್ಲಿ ರದ್ದಾದ ಆರು ಊರುಗಳ ಸಣ್ಣ ಗಾಡಿಗಳು ಹರಾಜಿಗೆ ಬಂದಾಗ ಏಜೆಂಟರು ಕೊಂಡರು.

ಇವರು ಊರಿನಲ್ಲಿ ಗ್ಯಾರೇಜು ಇಟ್ಟುಕೊಂಡವರು, ಮೀಸೆ ಮೂಡುವ ವಯಸ್ಸಿನಿಂದ ಆ ದಳದಲ್ಲಿದ್ದವರು. ಭಾನುವಾರ ಭಾನುವಾರ ಗಾಡಿ ಹೊರಗೆ ತೆಗೆದು, ಕಾಲುವೆಗೆ ಪೈಪು ಬಿಟ್ಟು ಕವಾಯತು ಮಾಡಿ, ತೊಳೆದು ಒಳಗಿಡುತ್ತಿದ್ದರಂತೆ. ಮೀಟರಿನ ಗುಟ್ಟು ಅದು. ಸಾಲಿನ ಕೊನೆಯ ಗಾಡಿ ಅವರ ಊರಿನದೇ. ಬಂದರಿನ ತನಕ ನಾನೇ ಓಡಿಸಿಕೊಂಡು ಬಂದೆ, ಅದರ ಜೀವಮಾನದಲ್ಲೇ ಅತಿ ದೂರದ ಪ್ರಯಾಣ ಅದು ಎಂದು ಹೇಳಿ ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮ ಕಡೆ ಒಂದು ಓಣಿಯ ಹೆಸರು ಬದಲಿಸಿ ನೋಡಲಿ, ಬಸ್ಸಿನ ಗಾಜು ಉಳಿಯುವುದಿಲ್ಲ. ಇವರು ಮೀಟಿಂಗು ಮಾಡಿ, ಕೈ ಎತ್ತಿ, ಚಹಾ ಕುಡಿದು ಊರನ್ನೇ ಮುಗಿಸಿಬಿಟ್ಟರಲ್ಲ ಎಂದು ದಂಗುಬಡಿದು ಕೂತೆ. ಸಂಜೆ ಅಲ್ ಕುಸೈಸ್‌ನ ಮನೆಗೆ ಹೋದ ಮೇಲೂ ಅದೇ ಮಾತು. ನನ್ನ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಊರು ಹ್ಯಾಂಗ ರದ್ದು ಮಾಡ್ತಾರ್ರಿ? ಅದೇನು ವೀಸಾ ಏನು?” ಎಂದಳು.

ಮರುದಿನ ಗಿರಾಕಿ ಬಂದಾಗ ಹೇಳಲೇಬೇಕಾಯಿತು. ಸಾಹುಕಾರರಿಗೆ ಹೇಳುವ ಮನಸ್ಸಿರಲಿಲ್ಲ. ಟ್ಯಾಂಕು ಕೂರಿಸಿ ಸುಮ್ಮನೆ ಹಡಗಿಗೆ ಹಾಕಿಬಿಡುವ, ಇದೆಲ್ಲ ಅವನಿಗೆ ಯಾಕೆ ಎಂದರು. ಆದರೆ ಆ ಮನುಷ್ಯ ಅವತ್ತೇ ಮೊದಲ ಬಾರಿ ಬಾಯಿ ಬಿಟ್ಟು, ತಮಗೆ ಬರುವ ಮುರುಕು ಇಂಗ್ಲಿಷಿನಲ್ಲಿ, ನೀರು ಹೇಗೆ ಹಾರುತ್ತದೆ ತೋರಿಸಿ ಎಂದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೂಗಾಡಲಿಲ್ಲ. ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತರು. ಮುಖ ಕಪ್ಪಿಟ್ಟಿತು. ಊರಿಗೆ ಏನು ಮುಖ ತೋರಿಸಲಿ ಎಂದು ಕೇಳಿದರು. ಹತ್ತು ದಿನಕ್ಕೆ ಅವರ ಕಡೆಗೆ ಹೋಗುವ ಹಡಗಿತ್ತು. ಅದು ತಪ್ಪಿದರೆ ಮುಂದಿನದು ಯಾವಾಗ ಎಂದು ಯಾರಿಗೂ ಖಾತ್ರಿಯಿರಲಿಲ್ಲ.

ಮೊದಲು ಬಾವಿಯ ಯೋಚನೆ ಮಾಡಿದೆ. ಕಾಲುವೆ ಇಲ್ಲದಿದ್ದರೇನು, ಪೈಪನ್ನು ಬಾವಿಗೆ ಬಿಟ್ಟರಾಯಿತಲ್ಲ. ಆದರೆ ಮೇಲೆ ಕೂತು ಎಳೆಯುವ ಪಂಪಿಗೆ ಏಳು ಮೀಟರಿಗಿಂತ ಕೆಳಗಿನ ನೀರು ಎತ್ತುವುದು ಕಷ್ಟ, ಹತ್ತರಾಚೆ ಯಾವ ಪಂಪಿನಪ್ಪನಿಗೂ ಆಗುವುದಿಲ್ಲ. ನಿಮ್ಮ ಬಾವಿ ಎಷ್ಟು ಆಳ ಎಂದು ಕೇಳಿದೆ. ಅವರು ನಿಂತಲ್ಲಿಂದ ಯಾರ್ಡಿನ ಗೇಟಿನ ಕಡೆ ಕೈ ತೋರಿಸಿದರು. ಅವರ ಊರಿನಲ್ಲಿ ಒಂಟೆಗೆ ಹಗ್ಗ ಕಟ್ಟಿ ಅಷ್ಟು ದೂರ ನಡೆಸಿದರೆ ಒಂದು ತೊಗಲ ಚೀಲ ನೀರು ಮೇಲೆ ಬರುತ್ತದೆಯಂತೆ. ಬಾವಿಯ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಮನೆ ಮಾಳಿಗೆಯ ಮೇಲಿಡುವ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ತಂದು, ಗಾಡಿಯ ಹಿಂದೆ ಕೂರಿಸಿ ಚೈನಿನಿಂದ ಬಿಗಿದೆವು. ಅರ್ಧ ತುಂಬುವಷ್ಟರಲ್ಲೇ ಹಿಂದಿನ ಕಮಾನು ಪಟ್ಟಿಗಳು ನೆಟ್ಟಗಾದವು, ಪೂರ್ತಿ ತುಂಬಿದಾಗ ತಿರುವುಮುರುವಾಗಿ ಬಾಗಿದವು. ಎರಡೆರಡು ಪಟ್ಟಿ ಹೆಚ್ಚಿಗೆ ಹಾಕಿಸಿ, ಪಠಾಣ್ ಡ್ರೈವರನ ಪಕ್ಕ ನಾನೇ ಕೂತು ಒಂದು ಸುತ್ತು ಹೊರಟೆ. ಗೇಟಿನ ಹತ್ತಿರ ಅವನು ಸ್ಟೇರಿಂಗು ತಿರುಗಿಸಿದ್ದೇ ತಡ, ಒಳಗಿನ ನೀರೆಲ್ಲ ಒಂದೇ ಮಗ್ಗುಲಿಗೆ ನುಗ್ಗಿತು. ನನ್ನ ಕಡೆಯ ಎರಡು ಗಾಲಿ ನೆಲ ಬಿಟ್ಟವು. ಒಂದು ಕ್ಷಣ ನನಗೆ ಕಂಡದ್ದು ಬರೀ ಆಕಾಶ. ಹೇಗೋ ಗಾಡಿ ದೊಪ್ಪೆಂದು ನೆಲಕ್ಕೆ ಬಿತ್ತು. ಡ್ರೈವರು ಇಳಿದು, ಕೀಲಿ ನನ್ನ ಕೈಗೆ ಕೊಟ್ಟು ಚಹಾದಂಗಡಿಗೆ ಹೋದ.

ಇನ್ನು ಆಗುವುದಿಲ್ಲ ಎಂದು ಕೈಚೆಲ್ಲಿ ನೆರಳಿನಲ್ಲಿ ಕೂತಿದ್ದೆ. ಆಗ ನಮ್ಮ ಯಾರ್ಡಿಗೆ ಸಿಹಿನೀರಿನ ಟ್ಯಾಂಕರು ಬಂತು, ದಿನಾ ಬರುವಂಥದ್ದೇ. ಅದರ ಡ್ರೈವರು ಇಳಿದು, ಟ್ಯಾಂಕಿನ ಹಿಂದೆ ಕಟ್ಟಿಕೊಂಡಿದ್ದ ಪುಟ್ಟ ಪಂಪಿನ ಹಗ್ಗ ಎಳೆದು, ನಮ್ಮ ಮಾಳಿಗೆಯ ಟ್ಯಾಂಕಿಗೆ ನೀರು ಏರಿಸತೊಡಗಿದ. ನಾನು ಕಣ್ಣು ಕಣ್ಣು ಬಿಟ್ಟು ನೋಡಿದೆ. ಅಯ್ಯೋ ಮುಠ್ಠಾಳ, ವರ್ಷಗಟ್ಟಲೆ ದಿನಾ ಬೆಳಿಗ್ಗೆ ಇದನ್ನೇ ನೋಡುತ್ತಿದ್ದೀಯಲ್ಲೋ ಎಂದು ನನಗೆ ನಾನೇ ಬೈದುಕೊಂಡೆ. ಪಂಪಿನ ಗಾಡಿಗೆ ನೀರು ಹೊರಿಸುವುದೇಕೆ? ನೀರಿನ ಗಾಡಿಗೆ ಪಂಪು ಕೂರಿಸಿದರಾಯಿತು. ಜಪಾನಿನ ಪಂಪುಗಳು ಗಾಡಿಗೆ ಅಂಟಿಕೊಂಡವಲ್ಲ. ಅವಕ್ಕೆ ಅವುಗಳದೇ ಎಂಜಿನ್ನು, ನಾಲ್ಕು ಮೂಲೆಗೆ ನಾಲ್ಕು ಹಿಡಿಕೆ. ನಾಲ್ಕು ಜನ ಹಿಡಿದರೆ ಎದ್ದು ಬರುತ್ತವೆ. ನಮ್ಮ ಮಾರುಕಟ್ಟೆಯಲ್ಲಿ ಹಳೆಯ ಟ್ಯಾಂಕರುಗಳಿಗೇನು ಬರ? ಸ್ಟೇರಿಂಗು ಕೂಡ ಎಡಗಡೆಗೇ ಇರುತ್ತದೆ.

ಮೂರು ಟ್ಯಾಂಕರು, ಒಂದೊಂದಕ್ಕೆ ಎರಡು ಪಂಪು ಎಂದು ಸಾಹುಕಾರರಿಗೆ ಹೇಳಿದೆ. ಅವರು ಹೌಹಾರಿದರು. ಪಂಪು ಕಿತ್ತ ಕೆಂಪು ಗಾಡಿಯನ್ನು ಯಾರು ಮೂಸಿ ನೋಡುತ್ತಾರೆ, ನನ್ನನ್ನು ಮುಳುಗಿಸಲಿಕ್ಕೇ ನೀನು ಗದಗದಿಂದ ಬಂದದ್ದಾ ಎಂದು ಕೇಳಿದರು.

“ಸಾಹುಕಾರ್ರ, ಬೆಂಕಿ ಕೆಂಪು ಬಣ್ಣ ನೋಡಿ ಆರೂದಿಲ್ರಿ,” ಎಂದೆ.

ಅವರು ಬಹಳ ಹೊತ್ತು ಗೊಣಗಿದರು. ಗೇಟಿನ ಹತ್ತಿರ ಗಿರಾಕಿ ಒಬ್ಬರೇ ನಿಂತಿದ್ದರು. ಅವರ ಕಡೆ ಒಮ್ಮೆ ನೋಡಿ, ಸಾಹುಕಾರರು ಆಯಿತು, ಮಾಡಿ ಸಾಯಿ ಎಂದರು. ಅವರು ಒಪ್ಪುವುದೇ ಹಾಗೆ.

ಪಂಪು ಇಳಿಸುವ ದಿನ ಏಜೆಂಟರಿಗೆ ಬೇಸರವಾಗಬಹುದು ಎಂದು ನಾನು ಅಳುಕುತ್ತಿದ್ದೆ. ಅವರು ತೋಳು ಮಡಚಿ ಮುಂದೆ ಬಂದರು. ನಾವು ಹೆಂಗೆಂಗೋ ಎತ್ತುವುದನ್ನು ಕಂಡು ಗದರಿ, ಒಬ್ಬೊಬ್ಬರನ್ನು ಒಂದೊಂದು ಹಿಡಿಕೆಗೆ ನಿಲ್ಲಿಸಿ, ಅವರ ಭಾಷೆಯಲ್ಲಿ ಕೂಗು ಹಾಕಿ ಎತ್ತಿಸಿದರು. ಮೂರನೆಯ ಪಂಪಿನ ಹೊತ್ತಿಗೆ ಪಠಾಣರೂ ಅದೇ ಕೂಗು ಹಾಕತೊಡಗಿದ್ದರು. ಆರು ಊರಿನ ಪಂಪು ಮೂರು ಗಾಡಿಗೆ ಸೇರಿಸುತ್ತಿದ್ದೇವೆ, ನಿಮ್ಮ ಸರ್ಕಾರಕ್ಕೆ ತಿಳಿಸಿ ಎಂದು ನಾನು ಅವರನ್ನು ಕಿಚಾಯಿಸಿದೆ. ಅವರೂ ನಕ್ಕರು.

ಕೆಲಸ ಅಷ್ಟು ಸಲೀಸಾಗಿ ಆಗಲಿಲ್ಲ. ಪಂಪಿನ ಬಾಯಿಯ ತಿರುಪಿನ ಸುತ್ತು ಜಪಾನಿನ ಅಳತೆಯದು, ಟ್ಯಾಂಕರಿನದು ಇಂಗ್ಲಿಷಿನವರದು, ಒಂದಕ್ಕೊಂದು ಕೂಡವು. ಜೋಡಣೆಯ ತುಂಡನ್ನು ಕೈಯಲ್ಲಿ ಹಿಡಿದು ನೈಫ್‌ನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದೆ. ಪ್ರತಿಯೊಬ್ಬನೂ ಇದೆ ಇದೆ ಎಂದು ಒಳಗೆ ಹೋಗಿ ಬೇರೇನನ್ನೋ ತಂದ. ಕೊನೆಗೆ ಶಾರ್ಜಾದ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಗಟ್ಟಿ ಕಡೆಸಿ, ಒಂದು ಮಗ್ಗುಲಿಗೆ ಒಂದು ಅಳತೆಯ ಸುತ್ತು, ಇನ್ನೊಂದಕ್ಕೆ ಇನ್ನೊಂದು ಹಾಕಿಸಿ ತಂದೆ.

ಮೊದಲ ಟ್ಯಾಂಕರಿಗೆ ಪಂಪು ಜೋಡಿಸಿ, ನೀರು ತುಂಬಿ ಚಾಲೂ ಮಾಡಿದೆವು. ನೀರು ಚೆನ್ನಾಗಿಯೇ ಹಾರಿತು. ಯಲ್ಲಾ ಯಲ್ಲಾ ಎಂದು ಎಲ್ಲರೂ ಕೇಕೆ ಹಾಕುವಷ್ಟರಲ್ಲಿ, ಡಬ್ ಎಂಬ ಸದ್ದಾಯಿತು. ಬಾಂಬೇ ಬಿತ್ತೆಂದು ನಾನು ನೆಲಕ್ಕೆ ಕುಕ್ಕರಿಸಿದೆ. ಎದ್ದು ನೋಡಿದರೆ ಟ್ಯಾಂಕಿನ ಮಗ್ಗುಲು ಖಾಲಿ ತಂಪು ಪಾನೀಯದ ಡಬ್ಬಿ ಹಿಚುಕಿದ ಹಾಗೆ ಒಳಕ್ಕೆ ಹೋಗಿತ್ತು. ಕುಡಿಯುವ ನೀರಿನ ಟ್ಯಾಂಕರಾದ್ದರಿಂದ ದೂಳು ಹೋಗದಂತೆ ಮುಚ್ಚಳಕ್ಕೆ ರಬ್ಬರು ಹಾಕಿ ಬಿಗಿದಿದ್ದರು. ಪಂಪು ನೀರು ಎಳೆದಂತೆಲ್ಲ ಒಳಗೆ ಗಾಳಿ ಹೋಗಲು ದಾರಿಯಿರಲಿಲ್ಲ. ಗಿರಾಕಿ ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಮೂರೂ ಟ್ಯಾಂಕಿಗೆ ಮೇಲೆ ಗಾಳಿ ಹೋಗುವ ಬಾಗಿದ ಕೊಳವೆ ಬೆಸೆಸಿ, ಹಿಚುಕಿದ ಮಗ್ಗುಲನ್ನು ಒಳಗಿನಿಂದ ಜಾಕ್ ಕೊಟ್ಟು ನೂಕಿ ನೆಟ್ಟಗೆ ಮಾಡಿದೆವು. ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಸೋರಲಿಲ್ಲ.

ಹಡಗಿಗೆ ಒಯ್ಯುವ ಹಿಂದಿನ ದಿನ ಬೆಳಿಗ್ಗೆ ಕೊನೆಯ ಪರೀಕ್ಷೆ. ಮೊದಲು ನಮ್ಮೂರಿನ ಪಂಪು ನಡೆಯಲಿ ಎಂದು ಏಜೆಂಟರು ಹಟ ಹಿಡಿದರು. ತಾವೇ ಹೋಸು ಬಿಡಿಸಿ, ನಾಜಲ್ಲು ಕಂಕುಳಲ್ಲಿ ಇಟ್ಟುಕೊಂಡು, ಕಾಲು ಅಗಲಿಸಿ ನಿಂತರು. ಪಂಪು ಒಂದೇ ಎಳೆತಕ್ಕೆ ಚಾಲೂ ಆಯಿತು. ನೀರು ಬೇಲಿ ದಾಟಿ ಪಕ್ಕದ ಯಾರ್ಡಿನ ಕಾರುಗಳ ಮೇಲೆ ಬಿತ್ತು. ಪಕ್ಕದವನು ಓಡಿಬಂದು ಬೈದ, ನಾವು ಬಿದ್ದು ಬಿದ್ದು ನಕ್ಕೆವು. ಗಿರಾಕಿ ಮೊದಲ ಸಲ ನಕ್ಕದ್ದನ್ನು ನಾನು ಅವತ್ತು ನೋಡಿದೆ. ಏಜೆಂಟರು ನಾಜಲ್ಲನ್ನು ಅವರ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕೆಂದು ಬೆನ್ನ ಹಿಂದೆ ನಿಂತು ಕಲಿಸಿದರು. ಅಷ್ಟರಲ್ಲಿ ಏಜೆಂಟರ ಮೊಬೈಲು ಬಡಿದುಕೊಂಡಿತು. ಸದ್ದಿಗೆ ಕೇಳುವುದಿಲ್ಲವೆಂದು ಟ್ಯಾಂಕರಿನ ಆಚೆ ಮಗ್ಗುಲಿಗೆ ಹೋದರು.

ಬಹಳ ಹೊತ್ತಾದರೂ ಬರಲಿಲ್ಲ. ಏನು, ಹೆಂಡತಿಯ ಫೋನಾ ಎಂದು ಛೇಡಿಸುತ್ತಲೇ ನಾನು ಆ ಕಡೆ ಹೋದೆ. ಅವರು ಟೈರಿಗೆ ಕೈ ಕೊಟ್ಟು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಡಿದುಕೊಂಡು ಈ ಕಡೆ ಕರೆತಂದೆ. ಎಲ್ಲರೂ ಸುತ್ತ ನೆರೆದೆವು. ಒಂದೊಂದೇ ತುಂಡು ಮಾತಿನಲ್ಲಿ ಹೇಳಿದರು.

ಹಿಂದಿನ ರಾತ್ರಿ ಅವರ ಅಣ್ಣನ ಮನೆಗೆ ಬೆಂಕಿ ಬಿದ್ದಿತ್ತು, ಚಳಿ ಕಾಯಿಸುವ ಸೀಮೆಎಣ್ಣೆ ಒಲೆಯಿಂದ. ಓಣಿಯವರೆಲ್ಲ ಓಡಿಬಂದರು, ಹಳೆಯ ದಳದವರೇ. ಬಂದವರು ವರ್ಷಾನುಗಟ್ಟಲೆಯ ರೂಢಿಯಂತೆ ಮೊದಲು ಗಾಡಿಯ ಶೆಡ್ಡಿಗೆ ನುಗ್ಗಿದರು. ಬಾಗಿಲು ತೆಗೆದ ಮೇಲೆಯೇ ಅವರಿಗೆ ನೆನಪಾದದ್ದು, ಅದು ಖಾಲಿ ಎಂದು. ಹೊಸ ನಗರದ ದೊಡ್ಡ ಗಾಡಿ ಬೆಟ್ಟ ದಾಟಿ ಬರಬೇಕು, ದಾರಿಯಲ್ಲಿ ಹಿಮ. ಮನೆಯ ಮಗ್ಗುಲಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಮೊಗೆದು ಎರಚಿದರು. ಅಣ್ಣನನ್ನು ಎಳೆದು ತಂದರು. ಅತ್ತಿಗೆಯನ್ನು ತರಲಾಗಲಿಲ್ಲ.

ಗಿರಾಕಿ ನಾಜಲ್ಲನ್ನು ಕೆಳಗೆ ಬಿಟ್ಟು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ತಮ್ಮನನ್ನು ಹಾಗೆಯೇ ಕಳೆದುಕೊಂಡವರು. ಅವರಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ.

“ನಿಮ್ಮ ಪಂಪು ವಾಪಸ್ ತಗೊಂಡು ಹೋಗಿ. ನಮಗೆ ಐದು ಸಾಕು,” ಎಂದರು.

ಸಾಹುಕಾರರು, ಜನ್ಮದಲ್ಲಿ ಯಾರಿಗೂ ಒಂದು ಬೋಲ್ಟು ಬಿಟ್ಟುಕೊಡದ ಮನುಷ್ಯ, ಮುಂದೆ ಬಂದು, “ವಿಮಾನದಲ್ಲಿ ಕಳಿಸುವ. ಇವತ್ತೇ ಕಳಿಸುವ. ನಾನು ನೋಡಿಕೊಳ್ತೇನೆ,” ಎಂದರು.

ಏಜೆಂಟರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

“ಯಾರ ಹೆಸರಿಗೆ ಕಳಿಸುತ್ತೀರಿ?” ಎಂದು ಕೇಳಿದರು. “ಇಳಿಸಿಕೊಳ್ಳಲು ದಳ ಇಲ್ಲ. ಸಹಿ ಹಾಕಲು ಆಫೀಸು ಇಲ್ಲ. ನಗರದವರು ಇದು ಬೇಡ ಎಂದೇ ಮಾರಿದ್ದು. ಕೂಡಿಸೋಣವೇ ಎಂದು ಸಭೆಯಲ್ಲಿ ಕೇಳಿದಾಗ ನಾನೂ ಕೈ ಎತ್ತಿದೆ.”

ಪಂಪು ಇನ್ನೂ ಓಡುತ್ತಿತ್ತು. ನೆಲಕ್ಕೆ ಬಿದ್ದ ಹೋಸಿನಿಂದ ನೀರು ಮರಳಿನ ಮೇಲೆ ಸುಮ್ಮನೆ ಹರಿದು ಹೋಗುತ್ತಿತ್ತು. ನಿಲ್ಲಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಏಜೆಂಟರೇ ಗಿರಾಕಿಯಿಂದ ಕೈ ಬಿಡಿಸಿಕೊಂಡು ಹೋಗಿ ಆಫ್ ಮಾಡಿದರು.